ನೂರು ಮೈಲಿಯ ನೋಟಕ್ಕೊಂದು ಅಳತೆಗೋಲು

1540ರಲ್ಲಿ ಚಿನ್ನದ ಪಟ್ಟಣಗಳನ್ನು ಹುಡುಕುತ್ತ ಉತ್ತರ ಅಮೆರಿಕದ ಒಣನಾಡಿಗೆ ಬಂದ ಸ್ಪೇನ್ ದೇಶದ ದಂಡಿನಲ್ಲಿ ಗಾರ್ಸಿಯಾ ಲೋಪೆಸ್ ದೆ ಕಾರ್ದೆನಾಸ್ ಎಂಬ ದಳಪತಿಯಿದ್ದ. ಹೋಪಿ ಜನಾಂಗದ ದಾರಿಗಾರರು ಅವನನ್ನೂ ಅವನ ಸಂಗಡಿಗರನ್ನೂ ಕರೆತಂದು ಒಂದು ಮಹಾಕಮರಿಯ ಅಂಚಿನಲ್ಲಿ ನಿಲ್ಲಿಸಿದರು. ಇಂದು ಜಗತ್ತೆಲ್ಲ ಬಲ್ಲ ಗ್ರ್ಯಾಂಡ್ ಕ್ಯಾನ್ಯನ್ ಅದು. ಕೆಳಗೆ ಕೊಲರಾಡೊ ನದಿ ಹರಿಯುತ್ತಿತ್ತು. ಅದರ ಅಗಲ ಒಂದು ಮಾರು ಇದ್ದೀತು ಎಂದು ಸ್ಪೇನಿನವರು ಅಂದಾಜು ಮಾಡಿದರು; ಅರ್ಧ ಹರದಾರಿ ಇದೆ ಎಂದು ದಾರಿಗಾರರು ಹೇಳಿದರು. ಹಗುರ ಮೈಯ ಮೂವರು ಇಳಿದು ನೋಡಲು ಹೊರಟರು. ಮೂರನೆಯ ಒಂದು ಭಾಗ ಇಳಿಯುವಷ್ಟರಲ್ಲಿ ಸಾಕಾಗಿ ಸಂಜೆ ನಾಲ್ಕರ ಹೊತ್ತಿಗೆ ಹಿಂತಿರುಗಿದರು. ಮೇಲಿನಿಂದ ಆಳೆತ್ತರ ಕಂಡಿದ್ದ ಬಂಡೆಗಳು ಸೆವಿಲ್ ನಗರದ ದೊಡ್ಡ ಗೋಪುರಕ್ಕಿಂತ ಎತ್ತರವಾಗಿವೆ ಎಂದು ಅವರು ವರದಿ ಒಪ್ಪಿಸಿದರು.

ಯುದ್ಧಗಳಲ್ಲಿ ನುರಿತ ಕಣ್ಣುಗಳು ಹೀಗೆ ಮೋಸಹೋದದ್ದೇಕೆ? ಅಳತೆಗೆ ಆಸರೆಯಾಗಬಲ್ಲ ಮನೆಮಾರುಗಳು ಅಲ್ಲಿರಲಿಲ್ಲ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಗಾಳಿಯೇ ಇರಬೇಕು. ದೂರದ ಬೆಟ್ಟ ಮಸುಕಾಗಿಯೂ ಹತ್ತಿರದ್ದು ಸ್ಪಷ್ಟವಾಗಿಯೂ ಕಾಣುವುದರಿಂದ ನಾವು ದೂರವನ್ನು ಅಳೆಯಲು ಕಲಿತಿರುತ್ತೇವೆ. ಆ ಮಸುಕೇ ಇಲ್ಲದ ಒಣ, ನಿರ್ಮಲ ಗಾಳಿಯಲ್ಲಿ ಹತ್ತು ಮೈಲಿ ಆಚೆಯ ಬಂಡೆ ಕೈಗೆಟಕುವಂತೆ ತೋರುತ್ತದೆ.

ನಾಲ್ಕು ಶತಮಾನಗಳ ನಂತರ ಅದೇ ಅಂಚಿನಲ್ಲಿ ನಿಂತವರ ದೂರು ಬೇರೆಯಾಗಿತ್ತು. 1970ರ ದಶಕದ ಹೊತ್ತಿಗೆ, ಚಳಿಗಾಲದ ಕೆಲವು ಬೆಳಗುಗಳಲ್ಲಿ ಕಮರಿಯ ತುಂಬ ಬೆಳ್ಳಗಿನ ಮಬ್ಬು ಕವಿದು ಎದುರಿನ ಗೋಡೆಗಳ ಕೆಂಪು, ಹಳದಿ ಪದರಗಳೆಲ್ಲ ಬಣ್ಣಗೆಟ್ಟು ಕಾಣತೊಡಗಿದ್ದವು. ಸಾವಿರಾರು ಮೈಲಿ ಪ್ರಯಾಣ ಮಾಡಿ ಬಂದವರಿಗೆ ಕಂಡದ್ದು ಹಾಲಿನಂಥ ಶೂನ್ಯ. ಆದರೆ 'ಸರಿಯಾಗಿ ಕಾಣಿಸುತ್ತಿಲ್ಲ' ಎಂಬ ದೂರನ್ನು ಹಿಡಿದುಕೊಂಡು ಯಾರ ಮೇಲೆ ಮೊಕದ್ದಮೆ ಹೂಡುವುದು? ಕಾಣಿಸದಿರುವುದನ್ನು ಎಷ್ಟು ಎಂದು ಹೇಳುವುದು? ಒಂದು ದೇಶ ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡು ನೋಟಕ್ಕೂ ಒಂದು ಅಳತೆಗೋಲನ್ನು ತಯಾರಿಸಿದ ಕಥೆ ಸ್ವಾರಸ್ಯವಾಗಿದೆ.

ಮೊದಲು ಈ ಮಬ್ಬು ಏನೆಂದು ನೋಡಬೇಕು. ಇದು ಮಂಜಲ್ಲ, ಮಂಜೆಂದರೆ ನೀರಿನ ಹನಿಗಳು, ಬಿಸಿಲೇರಿದಂತೆ ಕರಗುತ್ತದೆ. ಧೂಳೂ ಅಲ್ಲ. ಹಳೆಯ ಮನೆಗಳಲ್ಲಿ ಗಾಜಿನ ಹೆಂಚಿನಿಂದ ಬೀಳುವ ಬಿಸಿಲುಕೋಲಿನಲ್ಲಿ ಕುಣಿಯುವ ಕಣಗಳನ್ನು ನೋಡಿದವರಿದ್ದಾರೆ. ಮಬ್ಬಿನ ಲೆಕ್ಕದಲ್ಲಿ ಅವು ದೈತ್ಯ ಗಾತ್ರದವು. ತಮ್ಮ ಭಾರಕ್ಕೇ ನೆಲಕ್ಕಿಳಿಯುತ್ತವೆ. ಮಬ್ಬು ಕವಿಸುವ ಕಣಗಳು ತಲೆಗೂದಲಿನ ದಪ್ಪದ ನೂರನೆಯ ಒಂದು ಭಾಗಕ್ಕಿಂತಲೂ ಸಣ್ಣವು. ಅವುಗಳ ಗಾತ್ರ ಬೆಳಕಿನ ಅಲೆಯುದ್ದಕ್ಕೆ ಹತ್ತಿರವಾಗಿರುವುದರಿಂದಲೇ ಅವು ಬೆಳಕನ್ನು ಚದುರಿಸುವುದರಲ್ಲಿ ಬಲು ನಿಪುಣ. ದಿನಗಟ್ಟಲೆ ಗಾಳಿಯಲ್ಲಿ ತೇಲಿ ನೂರಾರು ಮೈಲಿ ಸಾಗುವ ಶಕ್ತಿಯೂ ಅವಕ್ಕಿದೆ.

ಇವುಗಳಲ್ಲಿ ಮುಖ್ಯವಾದದ್ದು ಸಲ್ಫೇಟ್. ಕಲ್ಲಿದ್ದಲನ್ನು ಉರಿಸಿದಾಗ, ತಾಮ್ರದ ಅದಿರನ್ನು ಕರಗಿಸಿದಾಗ ಗಂಧಕದ ಡೈಆಕ್ಸೈಡ್ ಅನಿಲ ಹೊರಬರುತ್ತದೆ. ಅನಿಲವಾಗಿದ್ದಾಗ ಅದು ಕಣ್ಣಿಗೆ ಕಾಣುವುದಿಲ್ಲ. ಗಾಳಿಯಲ್ಲಿ ಸಾಗುತ್ತ ಅದು ಸಲ್ಫೇಟ್ ಕಣವಾಗಿ ಮಾರ್ಪಡುತ್ತದೆ. ಒಣಹವೆಯಲ್ಲಿ ನಿಧಾನವಾಗಿ, ಮೋಡ ಮಂಜುಗಳ ನಡುವೆ ಬಹಳ ಬೇಗ. ಹುಟ್ಟಿದ ಕಣ ಮಳೆಗಾಲದ ಉಪ್ಪಿನಂತೆ ತೇವವನ್ನು ಹೀರಿ ಊದಿಕೊಳ್ಳುತ್ತದೆ, ಊದಿದಷ್ಟೂ ಹೆಚ್ಚು ಬೆಳಕನ್ನು ಚದುರಿಸುತ್ತದೆ. ಹೀಗಾಗಿ ಚಿಮಣಿಯ ಬಾಯಲ್ಲಿ ಏನೂ ಕಾಣದಿದ್ದರೂ ಐವತ್ತು ಮೈಲಿ ಆಚೆ ಮಬ್ಬು ಕವಿಯಬಹುದು. ಕಳ್ಳನನ್ನು ಹಿಡಿಯುವುದು ಕಷ್ಟವಾದದ್ದು ಇಲ್ಲಿಯೇ.

ನೋಟ ಕೆಡುವುದರಲ್ಲಿ ಎರಡು ಕ್ರಿಯೆಗಳಿವೆ. ದೂರದ ಬೆಟ್ಟದಿಂದ ಕಣ್ಣಿಗೆ ಬರಬೇಕಾದ ಬೆಳಕಿನ ಒಂದು ಪಾಲು ನಡುದಾರಿಯಲ್ಲಿ ಚದುರಿಹೋಗುತ್ತದೆ. ಅದೇ ವೇಳೆಗೆ ನಡುವಿನ ಗಾಳಿಯ ಮೇಲೆ ಬಿದ್ದ ಬಿಸಿಲು ಚದುರಿ, ಬೇಡದಿದ್ದರೂ, ನಮ್ಮ ಕಣ್ಣಿಗೆ ಬರುತ್ತದೆ. ಬೆಟ್ಟ ಕಪ್ಪಾಗಿ ಮಾಯವಾಗುವುದಿಲ್ಲ, ಬೆಳ್ಳಗಾಗಿ ಮಾಯವಾಗುತ್ತದೆ. ಅದಕ್ಕೂ ಹಿಂದಿನ ಆಕಾಶಕ್ಕೂ ಇರುವ ಹೊಳಪಿನ ಅಂತರ ನೂರಕ್ಕೆ ಎರಡರಷ್ಟಕ್ಕೆ ಇಳಿದಾಗ ಕಣ್ಣು ಸೋಲುತ್ತದೆ ಎಂದು ಹಿಡಿದು, 1924ರಲ್ಲಿ ಜರ್ಮನಿಯ ಹರಾಲ್ಡ್ ಕೋಶ್‌ಮೀಡರ್ ಒಂದು ಸರಳ ಸೂತ್ರವನ್ನು ಕೊಟ್ಟ. ಕಣಗಳೇ ಇಲ್ಲದ ಗಾಳಿಯೂ ತನ್ನ ಅಣುಗಳಿಂದಲೇ ಒಂದಿಷ್ಟು ಬೆಳಕನ್ನು ಚದುರಿಸುತ್ತದೆ. ಆಕಾಶ ನೀಲಿಯಾಗಿರುವುದೂ ಅದರಿಂದಲೇ. ಅಂಥ ಪರಿಶುದ್ಧ ಗಾಳಿಯಲ್ಲಿ ನೋಟದ ಮಿತಿ ಆ ಸೂತ್ರದ ಪ್ರಕಾರ ಸುಮಾರು 390 ಕಿಲೋಮೀಟರ್. ಅಷ್ಟು ದೂರದಲ್ಲಿ ನೋಡುವುದಕ್ಕೆ ಬೆಟ್ಟ ಇರಬೇಕು, ಭೂಮಿಯ ಉಬ್ಬು ಅಡ್ಡ ಬರಬಾರದು ಎಂಬುದು ಬೇರೆ ಮಾತು.

ಈ ಸೂತ್ರದಲ್ಲಿ ಅಡಗಿರುವ ಒಂದು ಸಂಗತಿಯೇ ಇಡೀ ವ್ಯಾಜ್ಯದ ಜೀವಾಳ. ಆ ಪರಿಶುದ್ಧ ಗಾಳಿಯ ಪ್ರತಿ ಘನ ಮೀಟರಿಗೆ ಕೇವಲ ಒಂದು ಮೈಕ್ರೊಗ್ರಾಂ, ಅಂದರೆ ಗ್ರಾಮಿನ ಹತ್ತು ಲಕ್ಷದ ಒಂದು ಭಾಗದಷ್ಟು, ಒಣ ಸಲ್ಫೇಟನ್ನು ಬೆರೆಸಿದರೆ ನೋಟದ ಮಿತಿ 390ರಿಂದ ಹತ್ತಿರ ಹತ್ತಿರ 300 ಕಿಲೋಮೀಟರಿಗೆ ಕುಸಿಯುತ್ತದೆ. ಅದೇ ಒಂದು ಮೈಕ್ರೊಗ್ರಾಮನ್ನು ಈಗಾಗಲೇ ಮಬ್ಬು ಕವಿದು 40 ಕಿಲೋಮೀಟರಷ್ಟೇ ಕಾಣುವ ಕಡೆ ಬೆರೆಸಿದರೆ ಕಳೆದುಹೋಗುವುದು ಒಂದು ಕಿಲೋಮೀಟರಿಗಿಂತ ತುಸು ಹೆಚ್ಚು; ಯಾರ ಗಮನಕ್ಕೂ ಬಾರದು. ಬಿಳಿ ಪಂಚೆಯ ಮೇಲೆ ಬಿದ್ದ ಸಾರಿನ ಹನಿಗೂ ಮಾಸಿದ ಚೌಕದ ಮೇಲೆ ಬಿದ್ದದ್ದಕ್ಕೂ ಇರುವ ವ್ಯತ್ಯಾಸ ಇದು. ನಗರದ ಆರೋಗ್ಯ ಇಲಾಖೆ ಕಣ್ಣೆತ್ತಿಯೂ ನೋಡದಷ್ಟು ಅಲ್ಪ ಮಾಲಿನ್ಯ ಮರುಭೂಮಿಯ ನೋಟವನ್ನು ಕೆಡಿಸಬಲ್ಲದು. ಆದ್ದರಿಂದಲೇ ಆರೋಗ್ಯಕ್ಕೆಂದು ಮಾಡಿದ ಕಾನೂನುಗಳು ಇಲ್ಲಿ ಸಾಲದೆ ಹೋದವು.

1977ರಲ್ಲಿ ಅಮೆರಿಕದ ಸಂಸತ್ತು ತನ್ನ ಶುದ್ಧ ಗಾಳಿ ಕಾಯಿದೆಗೆ ತಿದ್ದುಪಡಿ ತಂದು, ದೊಡ್ಡ ರಾಷ್ಟ್ರೀಯ ಉದ್ಯಾನಗಳಲ್ಲೂ ಅಭಯಾರಣ್ಯಗಳಲ್ಲೂ ಮನುಷ್ಯಕೃತ ಮಾಲಿನ್ಯದಿಂದ ನೋಟಕ್ಕೆ ಮುಂದೆ ಕುಂದು ಬಾರದಂತೆ ತಡೆಯುವುದು ಮತ್ತು ಈಗಾಗಲೇ ಬಂದಿರುವ ಕುಂದನ್ನು ನೀಗಿಸುವುದು ರಾಷ್ಟ್ರದ ಗುರಿ ಎಂದು ಸಾರಿತು. ಅಂಥ 156 ಸ್ಥಳಗಳ ಪಟ್ಟಿಯೂ ತಯಾರಾಯಿತು. ಬೆಟ್ಟ, ಕಾಡು, ಪ್ರಾಣಿಗಳನ್ನು ಕಾಯುವ ಕಾನೂನುಗಳು ಎಷ್ಟೋ ಇವೆ. ಬೆಟ್ಟಕ್ಕೂ ನೋಡುವ ಕಣ್ಣಿಗೂ ನಡುವಿನ ಬಯಲನ್ನು ಕಾಯುವ ಕಾನೂನು ಅಪರೂಪ.

ಕಾನೂನು ಬಂದ ಮೇಲೆ ಅಳತೆ ಬರಲೇಬೇಕು. ಉದ್ಯಾನ ಇಲಾಖೆಯ ಭೌತವಿಜ್ಞಾನಿ ವಿಲಿಯಂ ಮಾಲ್ಮ್ ಮತ್ತು ಸಂಗಡಿಗರು ಮೊದಲು ದುರ್ಬೀನಿಗೆ ಬೆಳಕಿನ ಮಾಪಕವನ್ನು ಜೋಡಿಸಿ ದೂರದ ಬೆಟ್ಟದ ಹೊಳಪನ್ನೂ ಪಕ್ಕದ ಆಕಾಶದ ಹೊಳಪನ್ನೂ ಹೋಲಿಸುತ್ತಿದ್ದರು. ಬೆಟ್ಟದ ಮೇಲೆ ಹಿಮ ಬಿದ್ದರೆ, ಮೋಡದ ನೆರಳು ಹಾದರೆ ಲೆಕ್ಕ ತಪ್ಪುತ್ತಿತ್ತು. ಆಮೇಲೆ ಬಂದದ್ದು ಕೆಲವು ಕಿಲೋಮೀಟರ್ ಅಂತರದಲ್ಲಿ ಒಂದು ಕಡೆ ದೀಪ, ಇನ್ನೊಂದು ಕಡೆ ಗ್ರಾಹಕ ಇಡುವ ಟ್ರಾನ್ಸ್‌ಮಿಸೊಮೀಟರ್. ಹೊರಟ ಬೆಳಕಿನಲ್ಲಿ ಎಷ್ಟು ತಲುಪಿತು ಎಂಬುದೇ ಅದರ ಲೆಕ್ಕ. ಗ್ರ್ಯಾಂಡ್ ಕ್ಯಾನ್ಯನ್ನಿನಲ್ಲಿ ಅಂಚಿನಿಂದ ತಳದವರೆಗೂ ಇಂಥದೊಂದು ಬೆಳಕಿನ ಗೆರೆಯನ್ನು ಎಳೆದಿದ್ದರು. ಗಾಳಿಯನ್ನು ಕತ್ತಲೆಯ ಕೊಳವೆಯೊಳಗೆ ಎಳೆದು, ದೀಪ ಹಚ್ಚಿ, ಚದುರಿದ ಬೆಳಕನ್ನಷ್ಟೇ ಅಳೆಯುವ ನೆಫೆಲೊಮೀಟರ್ ಮತ್ತೊಂದು. ಗ್ರೀಕ್ ಭಾಷೆಯಲ್ಲಿ ನೆಫೆಲೆ ಎಂದರೆ ಮೋಡ. ಇದು ಬಿಸಿಲುಕೋಲಿನ ಉಪಾಯವೇ.

ಇವೆಲ್ಲ ಎಷ್ಟು ಮಬ್ಬಿದೆ ಎಂದು ಹೇಳುತ್ತವೆ, ಯಾರ ಮಬ್ಬು ಎಂದು ಹೇಳುವುದಿಲ್ಲ. ಅದಕ್ಕೆ ಬೇಕಾದದ್ದು ಸೋಸುಹಾಳೆ. 1985ರಲ್ಲಿ ಉದ್ಯಾನ, ಅರಣ್ಯ, ಪರಿಸರ ಇಲಾಖೆಗಳು ಒಟ್ಟಾಗಿ 'ಇಂಪ್ರೂವ್' ಎಂಬ ಜಾಲವನ್ನು ಹೂಡಿದವು. 1988ರಿಂದ ಅದರ ಕೇಂದ್ರಗಳು ಕ್ರಮವಾಗಿ ಮಾದರಿ ಹಿಡಿಯತೊಡಗಿದವು. ಮೂರು ದಿನಕ್ಕೊಮ್ಮೆ, ನಡುರಾತ್ರಿಯಿಂದ ನಡುರಾತ್ರಿಯವರೆಗೆ, ರೂಪಾಯಿ ನಾಣ್ಯದಷ್ಟು ಅಗಲದ ಹಾಳೆಗಳ ಮೂಲಕ ಗಾಳಿಯನ್ನು ಹಾಯಿಸುತ್ತಾರೆ. ಹಾಳೆಗಳು ನಾಲ್ಕು: ಟೆಫ್ಲಾನಿನ ಎರಡು, ನೈಲಾನಿನ ಒಂದು, ಸ್ಫಟಿಕ ನಾರಿನ ಒಂದು. ಒಂದು ದಿನಕ್ಕೆ ಸುಮಾರು 33 ಘನ ಮೀಟರ್ ಗಾಳಿ ಹಾದರೂ ಶುಭ್ರ ದಿನದಲ್ಲಿ ಹಾಳೆಯ ಮೇಲೆ ಉಳಿಯುವುದು ಗ್ರಾಮಿನ ಹತ್ತುಸಾವಿರದ ಒಂದು ಭಾಗವೂ ಅಲ್ಲ. ಆದರೆ ಪ್ರಯೋಗಶಾಲೆಗೆ ಅಷ್ಟು ಸಾಕು. ಸೆಲೆನಿಯಂ ಸಿಕ್ಕರೆ ಕಲ್ಲಿದ್ದಲಿನ ಸುಳಿವು, ಆರ್ಸೆನಿಕ್ ಸಿಕ್ಕರೆ ತಾಮ್ರದ ಕುಲುಮೆ, ವನೇಡಿಯಂ ಎಂದರೆ ಉರಿದ ಎಣ್ಣೆ, ಪೊಟ್ಯಾಸಿಯಂ ಸೌದೆಯ ಹೊಗೆ, ಸಿಲಿಕಾನ್ ಬರಿ ಮಣ್ಣು. ಹೀಗೆ ಮಬ್ಬಿನ ಜಾತಕ ಬರೆಯಬಹುದು.

ಇನ್ನು ಕಣ್ಣಿನ ಸಾಕ್ಷಿ. ಕ್ಯಾಮೆರಾಗಳನ್ನು ನೆಟ್ಟು ಒಂದೇ ದೃಶ್ಯವನ್ನು ಬೆಳಿಗ್ಗೆ, ಮಧ್ಯಾಹ್ನ, ಮೂರರ ಹೊತ್ತಿಗೆ ಎಂದು ವರ್ಷಗಟ್ಟಲೆ ತೆಗೆದರು. ಆ ಚಿತ್ರಗಳನ್ನು ಉದ್ಯಾನಕ್ಕೆ ಬಂದ ಜನರಿಗೆ ತೋರಿಸಿ ಒಂದರಿಂದ ಹತ್ತರವರೆಗೆ ಅಂಕ ಕೊಡಿ ಎಂದರು. ನೋಟ ಎಂಬುದು ಅವರವರ ಭಾವಕ್ಕೆ ಬಿಟ್ಟದ್ದು ಎಂದು ವಾದಿಸುವವರಿಗೆ ಅಚ್ಚರಿಯಾಗುವಂತೆ ಜನರ ಅಂಕಗಳೂ ಯಂತ್ರದ ಅಂಕಿಗಳೂ ಒಂದಕ್ಕೊಂದು ಹೊಂದುತ್ತಿದ್ದವು. 1994ರಲ್ಲಿ ಮಾರ್ಕ್ ಪಿಚ್‌ಫರ್ಡ್ ಮತ್ತು ಮಾಲ್ಮ್ ಸದ್ದಿನ ಡೆಸಿಬೆಲ್ ಮಾದರಿಯಲ್ಲಿ 'ಡೆಸಿವ್ಯೂ' ಎಂಬ ಮಾನವನ್ನು ಸೂಚಿಸಿದರು. ಪರಿಶುದ್ಧ ಗಾಳಿಗೆ ಸೊನ್ನೆ. ಮಬ್ಬು ಹೆಚ್ಚಿದಂತೆ ಅಂಕಿ ಏರುತ್ತದೆ. ನೋಡುವವನಿಗೆ ಸಣ್ಣದೊಂದು ಬದಲಾವಣೆ ತಿಳಿಯುವಷ್ಟು ಅಂತರವೇ ಹೆಚ್ಚುಕಡಿಮೆ ಒಂದು ಡೆಸಿವ್ಯೂ.

ಅಳತೆಗೋಲು ಸಿದ್ಧವಾಗುತ್ತಿದ್ದಂತೆ ಬೆರಳು ತೋರಿದ್ದು ಕಮರಿಯ ಮೇಲ್ದಂಡೆಯ ಪೇಜ್ ಎಂಬ ಊರಿನ ಬಳಿಯ ನವಾಹೋ ವಿದ್ಯುತ್ ಸ್ಥಾವರದ ಕಡೆಗೆ. ಅಲ್ಲಿ ತಲಾ 750 ಮೆಗಾವಾಟಿನ ಮೂರು ಘಟಕಗಳಿದ್ದವು. 236 ಮೀಟರ್ ಎತ್ತರದ ಮೂರು ಚಿಮಣಿಗಳಿದ್ದವು. ಈ ಸ್ಥಾವರ ಅಲ್ಲಿಗೆ ಬಂದ ಬಗೆಯನ್ನು ಕೇಳಿದರೆ ವಿಧಿಯ ವ್ಯಂಗ್ಯ ಎನ್ನಬೇಕಾಗುತ್ತದೆ. ಕೊಲರಾಡೊ ನದಿಯ ನೀರನ್ನು ಫೀನಿಕ್ಸ್, ಟೂಸಾನ್ ನಗರಗಳಿಗೆ ಹರಿಸುವ ಕಾಲುವೆಯೊಂದು ಅರಿಜೋನಾ ರಾಜ್ಯದ ಬಹುಕಾಲದ ಕನಸಾಗಿತ್ತು. ನೀರನ್ನು ಸುಮಾರು 880 ಮೀಟರ್ ಮೇಲೆತ್ತಿ 540 ಕಿಲೋಮೀಟರ್ ಸಾಗಿಸಬೇಕು. ಅದಕ್ಕೆ ಅಪಾರ ವಿದ್ಯುತ್ ಬೇಕು. ಕಮರಿಯ ಸೀಮೆಯಲ್ಲೇ ಎರಡು ಅಣೆಕಟ್ಟು ಕಟ್ಟಿ ವಿದ್ಯುತ್ತನ್ನು ಪಡೆಯುವುದೆಂದು 1960ರ ದಶಕದಲ್ಲಿ ಸರ್ಕಾರ ಹೊರಟಿತು. ಡೇವಿಡ್ ಬ್ರೋವರ್ ಮುಂದಾಳಾಗಿದ್ದ ಸಿಯೆರಾ ಕ್ಲಬ್ 1966ರಲ್ಲಿ ಪತ್ರಿಕೆಗಳಲ್ಲಿ ಪುಟ ತುಂಬ ಜಾಹೀರಾತು ಕೊಟ್ಟು ಅದನ್ನು ವಿರೋಧಿಸಿತು. ಮರುದಿನವೇ ತೆರಿಗೆ ಇಲಾಖೆಯ ಎಚ್ಚರಿಕೆಯ ಪತ್ರ ಕ್ಲಬ್ಬಿನ ಕೈಸೇರಿತು. ತೆರಿಗೆ ವಿನಾಯಿತಿ ಹೋಯಿತು. ಆದರೆ ಜನ ಕ್ಲಬ್ಬಿನ ಪರ ನಿಂತರು. 1968ರಲ್ಲಿ ಸಂಸತ್ತು ಅಣೆಕಟ್ಟುಗಳನ್ನು ಕೈಬಿಟ್ಟು ಕಾಲುವೆಗೆ ಮಾತ್ರ ಒಪ್ಪಿಗೆ ಕೊಟ್ಟಿತು. ಪಂಪುಗಳಿಗೆ ವಿದ್ಯುತ್ ಎಲ್ಲಿಂದ? ಕಲ್ಲಿದ್ದಲಿನಿಂದ. ಕಮರಿಯನ್ನು ನೀರಿನಿಂದ ಉಳಿಸಿದ ಗೆಲುವೇ ಹೀಗೆ ಅದನ್ನು ಹೊಗೆಗೆ ಒಪ್ಪಿಸಿತು. ಸ್ಥಾವರದ ಮೊದಲ ಘಟಕ 1974ರಲ್ಲಿ ಆರಂಭವಾಯಿತು. ಅದರಲ್ಲಿ ನೂರಕ್ಕೆ 24ರಷ್ಟು ಪಾಲು ಕೇಂದ್ರದ ಜಲ ಇಲಾಖೆಯದು. ಆ ಜಲ ಇಲಾಖೆಗೂ ಉದ್ಯಾನ ಇಲಾಖೆಗೂ ಮೇಲೆ ಒಂದೇ ಸಚಿವಾಲಯ. ಫಿರ್ಯಾದಿಯೂ ಆರೋಪಿಯೂ ಒಂದೇ ಸೂರಿನ ಅಣ್ಣತಮ್ಮಂದಿರು.

ಮಾಲೀಕರ ಪ್ರತಿವಾದ ಸುಲಭವಾಗಿ ತಳ್ಳಿಹಾಕುವಂಥದ್ದಾಗಿರಲಿಲ್ಲ. ಲಾಸ್ ಏಂಜಲೀಸ್ ಕಡೆಯಿಂದ ಹೊಗೆ ಬರುತ್ತದೆ, ದಕ್ಷಿಣದ ತಾಮ್ರದ ಕುಲುಮೆಗಳಿಂದ ಬರುತ್ತದೆ, ನಮ್ಮದನ್ನೇ ಏಕೆ ಹಿಡಿಯುತ್ತೀರಿ ಎಂದರು. ಕುಲುಮೆಗಳ ಪಾಲಿಗೆ ಸಾಕ್ಷಿ ಇದ್ದುದು ನಿಜ. 1967-68ರಲ್ಲಿ ತಾಮ್ರದ ಕಾರ್ಮಿಕರು ತಿಂಗಳುಗಟ್ಟಲೆ ಮುಷ್ಕರ ಹೂಡಿದಾಗ ನೈಋತ್ಯ ಅಮೆರಿಕದಾದ್ಯಂತ ಗಾಳಿಯಲ್ಲಿ ಸಲ್ಫೇಟ್ ಇಳಿದು ನೋಟ ಸುಧಾರಿಸಿತ್ತೆಂದು ವಿಮಾನ ನಿಲ್ದಾಣಗಳ ದಾಖಲೆಗಳೇ ಹೇಳುತ್ತಿದ್ದವು. ಸ್ಥಾವರಕ್ಕೆ ಅಂಥ ಮುಷ್ಕರದ ಸಾಕ್ಷಿ ಇರಲಿಲ್ಲ. ಬೇರೆ ಉಪಾಯ ಬೇಕಿತ್ತು.

1987ರ ಜನವರಿ, ಫೆಬ್ರುವರಿಗಳಲ್ಲಿ ಉದ್ಯಾನ ಇಲಾಖೆ ನಡೆಸಿದ ಪ್ರಯೋಗದಲ್ಲಿ ಸ್ಥಾವರದ ಚಿಮಣಿಯೊಳಕ್ಕೆ ವಿಶೇಷ ಮೀಥೇನ್ ಅನಿಲವನ್ನು ಅಲ್ಪ ಪ್ರಮಾಣದಲ್ಲಿ ಬಿಟ್ಟರು. ಅದರಲ್ಲಿನ ಹೈಡ್ರೋಜನ್ನಿನ ಬದಲು ಭಾರದ ಹೈಡ್ರೋಜನ್ ಇತ್ತು. ನಿಸರ್ಗದಲ್ಲಿ ಅಂಥದು ಇಲ್ಲವೆನ್ನುವಷ್ಟು ವಿರಳವಾದ್ದರಿಂದ ಎಲ್ಲಿ ಸಿಕ್ಕರೂ ಅದು ಆ ಚಿಮಣಿಯದೇ. ಕಾಡಿಗೆ ಬಿಟ್ಟ ಹಸುವಿನ ಕೊರಳಿಗೆ ಗಂಟೆ ಕಟ್ಟಿದ ಹಾಗೆ. ಗಂಟೆ ಕಮರಿಯ ಅಂಚಿನ ಹೋಪಿ ಪಾಯಿಂಟಿನಲ್ಲಿ ಕೇಳಿಸಿತು. ಚಳಿಗಾಲದಲ್ಲಿ ತಣ್ಣನೆಯ ಭಾರದ ಗಾಳಿ ಕಣಿವೆಯಲ್ಲಿ ಕೆರೆಯ ನೀರಿನಂತೆ ನಿಂತು, ನದಿಯ ಜಾಡು ಹಿಡಿದು ಹೊಗೆಯನ್ನು ಕಮರಿಗೆ ಒಯ್ಯುತ್ತಿತ್ತು. ಮೋಡ ಸೇರಿದಾಗ ಅನಿಲ ಬೇಗನೆ ಸಲ್ಫೇಟಾಗುತ್ತಿತ್ತು.

ಆ ದಿನಗಳ ಸಲ್ಫೇಟಿನಲ್ಲಿ ಸಿಂಹಪಾಲು ಸ್ಥಾವರದ್ದೇ ಎಂದು ಉದ್ಯಾನ ಇಲಾಖೆ ಲೆಕ್ಕ ಹಾಕಿತು. 1990ರಲ್ಲಿ ಈ ಲೆಕ್ಕವನ್ನು ಪರಿಶೀಲಿಸಿದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿ ಎರಡೂ ಕಡೆಯವರಿಗೆ ಪೂರ್ತಿ ಸಮಾಧಾನವಾಗದ ತೀರ್ಪು ಕೊಟ್ಟಿತು: ಕೆಲವು ವೇಳೆಗಳಲ್ಲಿ ಸ್ಥಾವರದ ಪಾಲು ಗಣನೀಯ ಎಂಬುದು ನಿಸ್ಸಂಶಯ; ಇಂತಿಷ್ಟೇ ಎಂದು ಹೇಳಲು ಈ ಪ್ರಯೋಗ ಸಾಲದು. ವಿಜ್ಞಾನ ಪ್ರಾಮಾಣಿಕವಾಗಿದ್ದಾಗ ಹೀಗೆಯೇ ಮಾತಾಡುತ್ತದೆ. ಅಷ್ಟರಿಂದಲೇ ಕೋಟ್ಯಂತರ ಡಾಲರಿನ ನಿರ್ಧಾರವನ್ನು ಮಾಡಬೇಕಾದವರ ಪಾಡು ಸುಲಭವಲ್ಲ. ನೋಟದ ಬೆಲೆ ಎಷ್ಟು ಎಂಬ ಚರ್ಚೆಯೂ ನಡೆಯಿತು. ಕಮರಿ ಸ್ಪಷ್ಟವಾಗಿ ಕಾಣುವುದಕ್ಕೆ ನಿಮ್ಮ ವಿದ್ಯುತ್ ಬಿಲ್ಲಿನಲ್ಲಿ ಎಷ್ಟು ಹೆಚ್ಚು ಕೊಡುವಿರಿ ಎಂದು ಅರ್ಥಶಾಸ್ತ್ರಜ್ಞರು ಮನೆಮನೆಗೆ ಕೇಳಿದರು. ಕೊನೆಗೆ 1991ರಲ್ಲಿ ಮಾಲೀಕರೂ ಪರಿಸರ ಸಂಘಟನೆಗಳೂ ಸರ್ಕಾರವೂ ರಾಜಿಗೆ ಬಂದು ಗಂಧಕದ ಹೊಗೆಯನ್ನು ನೂರಕ್ಕೆ 90ರಷ್ಟು ತಗ್ಗಿಸಲು ಒಪ್ಪಿದರು. ಹೊಗೆಯನ್ನು ಸುಣ್ಣಕಲ್ಲಿನ ನೀರಿನಲ್ಲಿ ತೊಳೆಯುವ ಯಂತ್ರಗಳು 1997ರಿಂದ 1999ರೊಳಗೆ ಒಂದೊಂದಾಗಿ ಬಂದವು. ಖರ್ಚು 40 ಕೋಟಿ ಡಾಲರನ್ನು ಮೀರಿತು.

ಒಂದು ಚಿಮಣಿಯನ್ನು ಹಿಡಿದರೆ ಮುಗಿಯುವ ಕೆಲಸ ಇದಾಗಿರಲಿಲ್ಲ. ದೇಶದ ಪೂರ್ವದಲ್ಲಿ ಸ್ಥಿತಿ ಇನ್ನೂ ಕೆಟ್ಟದಾಗಿತ್ತು. ಅಲ್ಲಿನ ಗ್ರೇಟ್ ಸ್ಮೋಕಿ ಬೆಟ್ಟಗಳಿಗೆ ಆ ಹೆಸರು ಬಂದದ್ದೇ ಮರಗಳು ಹೊರಸೂಸುವ ಆವಿಗಳಿಂದ ಹುಟ್ಟುವ ನೀಲಿ ಮಬ್ಬಿನಿಂದ. ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಆ ನೀಲಿಯ ಬದಲು ಕಲ್ಲಿದ್ದಲಿನ ಬಿಳಿ ಕವಿದಿತ್ತು. ಅದು ಯಾವ ಒಂದು ಸ್ಥಾವರದ್ದೂ ಅಲ್ಲ, ಎಷ್ಟೋ ರಾಜ್ಯಗಳ ಕೂಡು ಹೊಗೆ. 1999ರ ಪ್ರಾದೇಶಿಕ ಮಬ್ಬಿನ ನಿಯಮ ಎಲ್ಲ ರಾಜ್ಯಗಳನ್ನೂ ಹೊಣೆಗಾರರನ್ನಾಗಿ ಮಾಡಿ 2064ರ ಹೊತ್ತಿಗೆ ಉದ್ಯಾನಗಳ ಗಾಳಿ ಸಹಜ ಸ್ಥಿತಿಗೆ ಮರಳಬೇಕೆಂದು ಗುರಿಯಿಟ್ಟಿತು. ಆಳುವವರು ಮುಂದಿನ ಚುನಾವಣೆಯ ಆಚೆ ನೋಡುವುದೇ ಅಪರೂಪವಾಗಿರುವಾಗ ಅರವತ್ತು ವರ್ಷಗಳಾಚೆಗೆ ಗಡುವಿಟ್ಟದ್ದನ್ನು ಧೈರ್ಯವೆನ್ನಬೇಕೋ ಜಾಣತನವೆನ್ನಬೇಕೋ ತಿಳಿಯದು. ಆಮ್ಲಮಳೆಯನ್ನು ತಡೆಯಲು ತಂದ 1990ರ ತಿದ್ದುಪಡಿಯೂ ಸೇರಿ, ಪೂರ್ವದ ಉದ್ಯಾನಗಳಲ್ಲಿ ಸಲ್ಫೇಟ್ ಭಾರಿ ಪ್ರಮಾಣದಲ್ಲಿ ಇಳಿದು ನೋಟ ಕಣ್ಣಿಗೆ ಕಾಣುವಷ್ಟು ಸುಧಾರಿಸಿದ್ದಂತೂ ನಿಜ. 2025ರ ಮಾರ್ಚ್‌ನಲ್ಲಿ ಅಮೆರಿಕದ ಪರಿಸರ ಸಂಸ್ಥೆ ಈ ನಿಯಮವನ್ನೇ ಮತ್ತೆ ಪರಿಶೀಲಿಸುವುದಾಗಿ ಪ್ರಕಟಿಸಿತು.

ಪಶ್ಚಿಮದಲ್ಲಿ ಚಿಮಣಿಗಳ ಹೊಗೆ ತಗ್ಗಿದಂತೆ ಕಾಡ್ಗಿಚ್ಚಿನ ಹೊಗೆ ಎದ್ದು ಕಾಣುತ್ತಿದೆ. ಕಾಡ್ಗಿಚ್ಚು ಸಹಜವೋ ಮನುಷ್ಯಕೃತವೋ? ಸಿಡಿಲು ಸಹಜ; ನೂರು ವರ್ಷ ಬೆಂಕಿ ಬೀಳದಂತೆ ತಡೆದು ಪೇರಿಸಿಟ್ಟ ಒಣಸೌದೆಯೂ ಏರುತ್ತಿರುವ ಬಿಸಿಯೂ ಸಹಜವಲ್ಲ. ಅಂಕಿಸಂಖ್ಯೆಯವರು 2017ರಲ್ಲಿ ಲೆಕ್ಕದ ಪದ್ಧತಿಯನ್ನೇ ತಿದ್ದಿ ಅಂಥ ಹೊಗೆಯ ದಿನಗಳು ರಾಜ್ಯಗಳ ತಲೆಗೆ ಬಾರದಂತೆ ಮಾಡಿದರು. ನೋಡುವವನ ಕಣ್ಣಿಗೆ ಆ ವಿನಾಯಿತಿ ಇಲ್ಲ. 2025ರ ಜುಲೈಯಲ್ಲಿ ಕಮರಿಯ ಉತ್ತರದ ಅಂಚಿನಲ್ಲಿ ಸಿಡಿಲಿನಿಂದ ಹೊತ್ತಿದ ಬೆಂಕಿ ಅಲ್ಲಿನ ಹಳೆಯ ವಸತಿಗೃಹವನ್ನೇ ಸುಟ್ಟುಹಾಕಿತು.

ನವಾಹೋ ಸ್ಥಾವರವನ್ನು ಕೊನೆಗೆ ಮುಚ್ಚಿಸಿದ್ದು ಮಬ್ಬೂ ಅಲ್ಲ, ಕಾನೂನೂ ಅಲ್ಲ. ನೈಸರ್ಗಿಕ ಅನಿಲ ಅಗ್ಗವಾಗಿ ಕಲ್ಲಿದ್ದಲಿನ ವಿದ್ಯುತ್ ದುಬಾರಿಯಾಯಿತು. 2019ರ ನವೆಂಬರಿನಲ್ಲಿ ಬೆಂಕಿ ಆರಿತು. 2020ರ ಡಿಸೆಂಬರ್ 18ರಂದು ಮೂರೂ ಚಿಮಣಿಗಳನ್ನು ಸ್ಫೋಟಿಸಿ ಕೆಡವಿದರು. ನೋಡಲು ಬಂದವರಲ್ಲಿ ಎಲ್ಲರೂ ಸಂತೋಷಪಟ್ಟಿರಲಾರರು. ಸ್ಥಾವರದಲ್ಲೂ ಅದಕ್ಕೆ ಕಲ್ಲಿದ್ದಲು ಕೊಡುತ್ತಿದ್ದ ಗಣಿಯಲ್ಲೂ ದುಡಿಯುತ್ತಿದ್ದವರು ಹೆಚ್ಚಾಗಿ ನವಾಹೋ ಜನ; ಪಕ್ಕದ ಹೋಪಿ ಸರ್ಕಾರದ ಆದಾಯದ ದೊಡ್ಡ ಪಾಲು ಆ ಕಲ್ಲಿದ್ದಲಿನ ರಾಜಧನವಾಗಿತ್ತು. ಕಾರ್ದೆನಾಸನಿಗೆ ಕಮರಿಯನ್ನು ತೋರಿಸಿದವರ ವಂಶದವರೇ ಇವರು. ಅವರ ನೆಲದ ಕಲ್ಲಿದ್ದಲು ಉರಿದು ಹೊರಟ ವಿದ್ಯುತ್ ಫೀನಿಕ್ಸಿಗೆ ನೀರೆತ್ತಿತು. ನವಾಹೋ ನಾಡಿನ ಸಾವಿರಾರು ಮನೆಗಳಿಗೆ ಆ ಅರ್ಧ ಶತಮಾನದಲ್ಲಿ ಒಂದು ದೀಪವೂ ಬರಲಿಲ್ಲ. ನೋಟದ ಅಳತೆಗೋಲಿನಲ್ಲಿ ಈ ಲೆಕ್ಕವನ್ನು ಬರೆದುಕೊಳ್ಳಲು ಜಾಗವಿಲ್ಲ.

ಇಂಪ್ರೂವ್ ಜಾಲದ ಕೇಂದ್ರಗಳು ಈಗ ನೂರನ್ನು ದಾಟಿವೆ. ಪ್ರತಿ ಮಂಗಳವಾರ ಉದ್ಯಾನದ ಯಾರಾದರೊಬ್ಬ ನೌಕರ ಬಂದು ಹಳೆಯ ಹಾಳೆಗಳನ್ನು ತೆಗೆದು ಹೊಸದನ್ನು ಕೂರಿಸುತ್ತಾನೆ, ತೆಗೆದದ್ದನ್ನು ಪೆಟ್ಟಿಗೆಯಲ್ಲಿಟ್ಟು ಕ್ಯಾಲಿಫೋರ್ನಿಯಾದ ಡೇವಿಸ್ ನಗರದ ಪ್ರಯೋಗಶಾಲೆಗೆ ಅಂಚೆಯಲ್ಲಿ ಕಳಿಸುತ್ತಾನೆ. ಗ್ರ್ಯಾಂಡ್ ಕ್ಯಾನ್ಯನ್ನಿನಿಂದ ಹೋಗುವ ಹಾಳೆಗಳು ಬರಿಗಣ್ಣಿಗೆ ಬಹುತೇಕ ಬೆಳ್ಳಗೇ ಇರುತ್ತವೆ.